ಸಿರಾಕ್ಯೂಸ್ ಕಾಲೇಜು ತಂಡದ ಚರಿತ್ರೆಯನ್ನು ಒಮ್ಮೆ ಓದಿ: ಒಲಿಂಪಿಕ್ ಸಮಿತಿಗೆ ಬಹಿರಂಗ ಪತ್ರ

ಅಂತಾರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಅಧ್ಯಕ್ಷೆ ಕರ್ಸ್ಟಿ ಕೊವೆಂಟ್ರಿ ಅವರಿಗೆ, ಸಮಿತಿಯ ಎಲ್ಲ ಸದಸ್ಯರಿಗೆ,

ನಮಸ್ಕಾರ.

2023ರ ಅಕ್ಟೋಬರ್ 16ರಂದು ಮುಂಬೈಯಲ್ಲಿ ಸೇರಿದ್ದ ನಿಮ್ಮ ಸಮಿತಿ, 2028ರ ಲಾಸ್ ಏಂಜಲೀಸ್ ಕ್ರೀಡಾಕೂಟಕ್ಕೆ ಐದು ಆಟಗಳನ್ನು ಸೇರಿಸಿಕೊಂಡಿತು. ನಮ್ಮಲ್ಲಿ ಆ ದಿನ ಸುದ್ದಿಯಾದದ್ದು ಕ್ರಿಕೆಟ್ ಒಂದೇ. ಅದೇ ಪಟ್ಟಿಯಲ್ಲಿ ಲ್ಯಾಕ್ರೋಸ್ ಕೂಡ ಇತ್ತು; ತುದಿಗೆ ಬಲೆ ಕಟ್ಟಿದ ಕೋಲಿನಿಂದ ಚೆಂಡು ಹಿಡಿದು, ಎಸೆದು ಗೋಲು ಹೊಡೆಯುವ ಆಟ ಅದು. 1908ರ ಲಂಡನ್ ಕೂಟದ ಬಳಿಕ ಪದಕದ ಆಟವಾಗಿ ಅದು ಮರಳುತ್ತಿರುವುದು ಇದೇ ಮೊದಲು. ಈ ಆಟವನ್ನು ಹುಟ್ಟಿಸಿ, ಸಾಕಿ, ಇಂದಿಗೂ ದೇವರ ಕೆಲಸವೆಂದು ಆಡುತ್ತಿರುವ, ಉತ್ತರ ಅಮೆರಿಕದ ಮೂಲನಿವಾಸಿಗಳಾದ ಹೋಡೆನೊಶೋನಿ ಜನ ಮಾತ್ರ ತಮ್ಮ ಬಾವುಟದಡಿ ಅಲ್ಲಿ ಆಡುವಂತಿಲ್ಲ. ರಾಷ್ಟ್ರೀಯ ಒಲಿಂಪಿಕ್ ಸಮಿತಿ ಇದ್ದವರಿಗಷ್ಟೇ ಪ್ರವೇಶ, ಬೇಕಿದ್ದರೆ ಅಮೆರಿಕ ಅಥವಾ ಕೆನಡಾದ ತಂಡದಲ್ಲಿ ಸೇರಿ ಆಡಲಿ ಎಂಬುದು ನಿಮ್ಮ ಕಡೆಯಿಂದ ಬಂದ ಉತ್ತರ.

ಆ ಉತ್ತರ ಏಕೆ ಸರಿಯಲ್ಲ ಎಂಬುದನ್ನು ನ್ಯೂಯಾರ್ಕ್ ರಾಜ್ಯದ ಸಿರಾಕ್ಯೂಸ್ ವಿಶ್ವವಿದ್ಯಾಲಯದ ಪುರುಷರ ಲ್ಯಾಕ್ರೋಸ್ ತಂಡದ ಚರಿತ್ರೆಯನ್ನು ಮುಂದಿಟ್ಟು ಹೇಳುತ್ತೇವೆ. ಈ ತಂಡವನ್ನೇ ಆರಿಸಿಕೊಂಡದ್ದಕ್ಕೆ ಕಾರಣವಿದೆ. ಹೋಡೆನೊಶೋನಿ ಒಕ್ಕೂಟದಲ್ಲಿ ಮೊಹಾಕ್, ಒನೈಡ, ಆನಂಡಾಗ, ಕಯುಗ, ಸೆನೆಕ, ಟಸ್ಕರೋರ ಎಂದು ಆರು ಜನಾಂಗಗಳು. ಅವುಗಳ ನಡುಮನೆಯ ಬೆಂಕಿ ಕಾಯುವವರು ಆನಂಡಾಗರು. ಅವರ ನೆಲ ಸಿರಾಕ್ಯೂಸ್ ಊರಿನ ದಕ್ಷಿಣಕ್ಕೆ ಅಂಟಿಕೊಂಡಂತೆಯೇ ಇದೆ. ಕಾಲೇಜಿನ ಮೈದಾನದಿಂದ ಕಾರಿನಲ್ಲಿ ಅರ್ಧ ಗಂಟೆಯೂ ಹಿಡಿಯುವುದಿಲ್ಲ. ಒಂದು ಶತಮಾನಕ್ಕೂ ಮಿಕ್ಕಿ ಈ ಇಬ್ಬರೂ ನೆರೆಹೊರೆಯವರು. ಕೋಲು ಅಲ್ಲಿಂದ ಬಂತು, ಆಟಗಾರರು ಅಲ್ಲಿಂದ ಬಂದರು.

ಮೊದಲು ಕೋಲಿನ ವಿಷಯ. ಅದು ತಿಳಿಯದೆ ಮಿಕ್ಕದ್ದು ತಿಳಿಯುವುದಿಲ್ಲ.

ಲ್ಯಾಕ್ರೋಸ್ ಕೋಲೆಂದರೆ ತುದಿಯಲ್ಲಿ ಬಲೆಯ ಜೋಳಿಗೆ ಕಟ್ಟಿದ ದಂಡ. ಚೆಂಡು ಗಟ್ಟಿ ರಬ್ಬರಿನದು, ತೂಕ 142ರಿಂದ 149 ಗ್ರಾಂ. ಕ್ರಿಕೆಟ್ ಚೆಂಡಿಗಿಂತ ಸ್ವಲ್ಪ ಹಗುರ, ಬಿದ್ದ ಪೆಟ್ಟು ಮಾತ್ರ ಹಗುರವಲ್ಲ. ಆನಂಡಾಗರು ಕೋಲು ಮಾಡುವುದು ಹಿಕರಿ ಮರದಿಂದ. ಗಂಟಿಲ್ಲದ, ನೆಟ್ಟಗೆ ಬೆಳೆದ ಮರವನ್ನೇ ಹುಡುಕುತ್ತಾರೆ. ಕಡಿದ ದಿಮ್ಮಿಗೆ ಗರಗಸ ಹಾಕುವುದಿಲ್ಲ; ಬೆಣೆ ಹೊಡೆದು ಉದ್ದುದ್ದಕ್ಕೆ ನಾಲ್ಕಾಗಿ, ಎಂಟಾಗಿ ಸೀಳುತ್ತಾರೆ. ಗರಗಸ ಮರದ ನಾರನ್ನು ಅಡ್ಡ ಕತ್ತರಿಸಿಬಿಡುತ್ತದೆ, ಬೆಣೆಯ ಸೀಳು ನಾರಿನ ದಾರಿಯನ್ನೇ ಹಿಡಿದು ಹೋಗುತ್ತದೆ. ನಾರು ಬುಡದಿಂದ ತುದಿಯವರೆಗೆ ಕಡಿಯದೆ ಹರಿದಿದ್ದರೆ ಮಾತ್ರ ಬಾಗಿದ ಜಾಗ ತಡೆಯುತ್ತದೆ. ಇಲ್ಲವಾದರೆ ಎದುರಾಳಿಯ ಮೊದಲ ಪೆಟ್ಟಿಗೇ ಕೊಕ್ಕೆಯ ಬಳಿ ಚಕ್ಕೆ ಏಳುತ್ತದೆ.

ಸೀಳಿದ ತುಂಡನ್ನು ಎರಡು ಹಿಡಿಯ ಕತ್ತಿಯಿಂದ ಹೆರೆದು ಸಣ್ಣ ಮಾಡಿ, ಹಬೆಯಲ್ಲಿ ಮೆದುಮಾಡಿ, ಅಚ್ಚಿಗೆ ಒತ್ತಿ ಕೊಕ್ಕೆಯಂತೆ ಬಗ್ಗಿಸಿ ತಂತಿ ಬಿಗಿಯುತ್ತಾರೆ. ಹಬೆ ಸಾಲದಿದ್ದರೆ ಹೊರಮೈ ಸೀಳುತ್ತದೆ. ಆಮೇಲೆ ತಿಂಗಳುಗಟ್ಟಲೆ ನೆರಳಿನಲ್ಲಿ ಒಣಗಬೇಕು. ಅವಸರಪಟ್ಟು ಬೆಂಕಿಯ ಬಳಿ ಇಟ್ಟರೆ ಹೊರಗೆ ಒಣಗಿ ಒಳಗೆ ಹಸಿಯೇ ಉಳಿದು ಬಿರುಕು ಬಿಡುತ್ತದೆ. ಒಣಗಿದ ಮೇಲೆ ಕೆತ್ತನೆ, ತೂತು ಕೊರೆಯುವುದು, ಕೊನೆಗೆ ತೊಗಲಿನ ಪಟ್ಟಿ ಮತ್ತು ನರದ ಹುರಿಯಿಂದ ಜೋಳಿಗೆ ಹೆಣೆಯುವುದು. ಮರ ಕಡಿದ ದಿನದಿಂದ ಕೋಲು ಕೈಗೆ ಬರುವ ಹೊತ್ತಿಗೆ ಎಂಟು ಹತ್ತು ತಿಂಗಳೇ ಕಳೆದಿರುತ್ತವೆ. 2023ರಲ್ಲಿ ತೀರಿಕೊಂಡ ಆನಂಡಾಗದ ಆಲ್ಫ್ ಜಾಕ್ಸ್ ಆರು ದಶಕಗಳ ಕಾಲ ಮಾಡಿದ್ದು ಈ ಕೆಲಸವನ್ನೇ.

ಮರದ ಕೋಲಿಗೆ ಒಂದು ಪಕ್ಕದಲ್ಲಿ ಮರದ ಗೋಡೆ, ಇನ್ನೊಂದು ಪಕ್ಕದಲ್ಲಿ ಹುರಿಯ ಗೋಡೆ. ಎರಡರ ಬಿಗಿಯೂ ಬೇರೆಯಾದ್ದರಿಂದ ಕೈ ಬದಲಿಸಿ ಎಸೆದಾಗ ಚೆಂಡು ಬೇರೆ ದಾರಿ ಹಿಡಿಯುತ್ತದೆ. ಮಳೆ ಬಿದ್ದರೆ ತೊಗಲು ಸಡಿಲಿ ಜೋಳಿಗೆ ಆಳವಾಗುತ್ತದೆ, ಬಿಟ್ಟ ಚೆಂಡು ಗುರಿಗಿಂತ ಕೆಳಗೆ ಹೋಗುತ್ತದೆ. 1970ರಲ್ಲಿ ಬಾಲ್ಟಿಮೋರ್‌ನ ಎಸ್‌ಟಿಎಕ್ಸ್ ಕಂಪನಿ ಎರಡೂ ಕಡೆ ಸಮನಾದ ಪ್ಲಾಸ್ಟಿಕ್ ತಲೆಯನ್ನು ತಂದಾಗ ಈ ತೊಡಕುಗಳೆಲ್ಲ ಒಮ್ಮೆಗೇ ಬಗೆಹರಿದವು. ಎಡಗೈ ಬಲಗೈ ಎರಡರಲ್ಲೂ ಒಂದೇ ರೀತಿ ಆಡುವುದು, ಬೆನ್ನ ಹಿಂದಿನಿಂದ ಪಾಸ್ ಕೊಡುವುದು ಎಲ್ಲರಿಗೂ ಸಾಧ್ಯವಾಯಿತು. ಅದರ ಜೊತೆಗೇ, ಕಾಲೇಜುಗಳಿಗೆ ಸಾವಿರಗಟ್ಟಲೆ ಕೋಲು ಕೊಡುತ್ತಿದ್ದ ಹೋಡೆನೊಶೋನಿ ಕುಶಲಕರ್ಮಿಗಳ ಸಂಪಾದನೆ ಕೆಲವೇ ವರ್ಷಗಳಲ್ಲಿ ಬತ್ತಿಹೋಯಿತು. ಆ ಹೊತ್ತಿಗೆ ಸಿರಾಕ್ಯೂಸ್ ತಂಡಕ್ಕೆ ಐವತ್ತು ದಾಟಿತ್ತು.

ತಂಡ ಹುಟ್ಟಿದ್ದು 1916ರಲ್ಲಿ. ಕಟ್ಟಿದವರು ಅರಣ್ಯ ಕಾಲೇಜಿನಲ್ಲಿ ಭೂದೃಶ್ಯ ವಿನ್ಯಾಸ ಕಲಿಸುತ್ತಿದ್ದ ಲಾರಿ ಕಾಕ್ಸ್. 1920, 1922, 1924, 1925ರ ರಾಷ್ಟ್ರೀಯ ಪ್ರಶಸ್ತಿಗಳನ್ನು ವಿಶ್ವವಿದ್ಯಾಲಯ ಅವರ ಕಾಲದ ಲೆಕ್ಕಕ್ಕೆ ಸೇರಿಸುತ್ತದೆ. ಅವರ ಕೈಕೆಳಗೆ ಆಡಿದ ರಾಯ್ ಸಿಮನ್ಸ್ 1931ರಲ್ಲಿ ಕೋಚ್ ಆಗಿ 1970ರವರೆಗೆ ಇದ್ದರು. ಅವರ ಮಗ ರಾಯ್ ಸಿಮನ್ಸ್ ಜೂನಿಯರ್ 1971ರಿಂದ 1998ರವರೆಗೆ. ಆಮೇಲೆ ಜಾನ್ ಡೆಸ್ಕೊ 2021ರವರೆಗೆ. ಈಗ ಗ್ಯಾರಿ ಗೇಟ್. ನೂರು ವರ್ಷ ದಾಟಿದ ತಂಡಕ್ಕೆ ಐದೇ ಕೋಚುಗಳು. ನಾಲ್ವರು ಇದೇ ತಂಡದಲ್ಲಿ ಆಡಿ ಬೆಳೆದವರು. ಬೇರೆಡೆ ಇಂಥದ್ದು ಸುಲಭಕ್ಕೆ ಸಿಗುವುದಿಲ್ಲ.

1957ರ ತಂಡದ ಬಳಿ ಸ್ವಲ್ಪ ನಿಲ್ಲಬೇಕು. ಹತ್ತು ಪಂದ್ಯ ಆಡಿ ಹತ್ತನ್ನೂ ಗೆದ್ದ ತಂಡ ಅದು. ಮಿಡ್‌ಫೀಲ್ಡ್‌ನಲ್ಲಿ ಜಿಮ್ ಬ್ರೌನ್. ಮುಂದೆ ಅಮೆರಿಕನ್ ಫುಟ್‌ಬಾಲ್‌ನ ಮಹಾನ್ ಆಟಗಾರನೆಂದು ಹೆಸರಾದ ಅದೇ ಕಪ್ಪು ಯುವಕ. ಆ ಹತ್ತು ಪಂದ್ಯಗಳಲ್ಲಿ ಅವರು ಹೊಡೆದ ಗೋಲು 43. ಕೋಲನ್ನು ಒಂದು ಕೈಯಲ್ಲಿ ಎದೆಗೆ ಅಪ್ಪಿ ಹಿಡಿದು ಇನ್ನೊಂದು ಭುಜ ಮುಂದೆ ಮಾಡಿ ನುಗ್ಗಿದರೆ ಚೆಂಡಿಗೆ ಪೆಟ್ಟು ಹಾಕಲು ಎದುರಾಳಿಗೆ ಜಾಗವೇ ಸಿಗುತ್ತಿರಲಿಲ್ಲ. ಕೋಲನ್ನು ಮೈಗೆ ಒತ್ತಿ ಹಿಡಿಯಬಾರದೆಂಬ ನಿಯಮಕ್ಕೆ ಅವರೇ ಕಾರಣ ಎಂದು ಹೇಳುವುದುಂಟು.

ಅದೇ ತಂಡದ ಗೋಲ್‌ಕೀಪರ್ ಓರೆನ್ ಲಯನ್ಸ್, ಆನಂಡಾಗದವರು. ಗೋಲು ಕಾಯುವವನ ಪಾಡು ಓದುಗರಿಗೆ ಅಂದಾಜಾಗಲಿ: 6 ಅಡಿ ಅಗಲ, 6 ಅಡಿ ಎತ್ತರದ ಚೌಕಟ್ಟು, ಅದರ ಸುತ್ತ 9 ಅಡಿ ತ್ರಿಜ್ಯದ ವೃತ್ತ. ಇದಕ್ಕೆ ಕ್ರೀಸ್ ಎನ್ನುತ್ತಾರೆ, ಕ್ರಿಕೆಟ್‌ನ ಕ್ರೀಸ್‌ಗೂ ಇದಕ್ಕೂ ಸಂಬಂಧವಿಲ್ಲ. ವೃತ್ತದ ಅಂಚಿನಿಂದ ಹತ್ತಾರು ಮೀಟರಿನೊಳಗೆ ಬಂದು ಹೊಡೆಯುವ ಚೆಂಡನ್ನು ಕಣ್ಣಿಂದ ನೋಡಿ ತಡೆಯಲು ಸಮಯವಿರುವುದಿಲ್ಲ. ಎದುರಾಳಿಯ ಮೇಲಿನ ಕೈ ಯಾವ ಕೋನದಲ್ಲಿ ಇಳಿಯುತ್ತಿದೆ ಎಂದು ಓದಿ, ಚೆಂಡು ಬಿಡುವ ಮೊದಲೇ ಹೆಜ್ಜೆ ಇಟ್ಟಿರಬೇಕು. ಆ ವರ್ಷ ಲಯನ್ಸ್ ಮಾಡಿದ್ದು ಈ ಕೆಲಸ. ಕಪ್ಪು ಮಿಡ್‌ಫೀಲ್ಡರ್, ಆನಂಡಾಗ ಗೋಲ್‌ಕೀಪರ್, ಜೊತೆಗೆ ಕೋಚ್‌ನ ಮಗ ಸಿಮನ್ಸ್ ಜೂನಿಯರ್. ಆ ಕಾಲದಲ್ಲಿ ಚಾಂಪಿಯನ್ ಯಾರೆಂದು ಮೈದಾನ ತೀರ್ಮಾನಿಸುತ್ತಿರಲಿಲ್ಲ, ಆಟದ ಸಂಘ ತೀರ್ಮಾನಿಸುತ್ತಿತ್ತು. ಒಂದೂ ಪಂದ್ಯ ಸೋಲದ ಸಿರಾಕ್ಯೂಸ್‌ಗೆ ಕಿರೀಟ ಸಿಗಲಿಲ್ಲ, ಜಾನ್ಸ್ ಹಾಪ್ಕಿನ್ಸ್‌ಗೆ ಹೋಯಿತು. ಕಾಲೇಜು ತಂಡಗಳು ಮೈದಾನದಲ್ಲೇ ಆಡಿ ಇತ್ಯರ್ಥ ಮಾಡಿಕೊಳ್ಳುವ, ಅಮೆರಿಕದ ಕಾಲೇಜು ಕ್ರೀಡೆಗಳನ್ನು ನಡೆಸುವ ಸಂಸ್ಥೆಯಾದ ಎನ್‌ಸಿಎಎಯ ಟೂರ್ನಿ ಶುರುವಾದದ್ದು 1971ರಲ್ಲಿ.

ಓರೆನ್ ಲಯನ್ಸ್ ಹೆಸರನ್ನು ನೀವು ಮರೆಯಬಾರದು. 1983ರಲ್ಲಿ ಹೋಡೆನೊಶೋನಿಯ ರಾಷ್ಟ್ರೀಯ ತಂಡವನ್ನು ಕಟ್ಟಿದವರಲ್ಲಿ ಅವರೊಬ್ಬರು. ಆಗ ಅದರ ಹೆಸರು ಇರಾಕ್ವಾ ನ್ಯಾಷನಲ್ಸ್. ಮೂಲನಿವಾಸಿಗಳನ್ನು ಕೆನಡಾದ ಸಂಘ 1880ರಲ್ಲೇ ತನ್ನ ಚಾಂಪಿಯನ್‌ಶಿಪ್‌ಗಳಿಂದ ಹೊರಗಿಟ್ಟಿತ್ತು. ಆ ಬಾಗಿಲನ್ನು ಮತ್ತೆ ತೆರೆಸಲು ನೂರು ವರ್ಷ ಬೇಕಾಯಿತು. 1990ರಲ್ಲಿ ಆಸ್ಟ್ರೇಲಿಯದ ಪರ್ತ್‌ನ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಅವರು ತಮ್ಮದೇ ಬಾವುಟ ಹಿಡಿದು ಮೈದಾನಕ್ಕಿಳಿದರು. ಆ ಹಾದಿಯ ಒಂದು ಕೊನೆ ಸಿರಾಕ್ಯೂಸ್‌ನ 1957ರ ಗೋಲಿನಲ್ಲಿದೆ.

ವಿಶ್ವವಿದ್ಯಾಲಯದ ನಡೆಯೆಲ್ಲ ನೆಟ್ಟಗಿತ್ತೆಂದು ನಾವು ಹೇಳುತ್ತಿಲ್ಲ. ಪಕ್ಕದ ಜನರನ್ನು ಅಣಕಿಸುವಂತಿದ್ದ ಯೋಧನೊಬ್ಬನ ವೇಷವನ್ನು ಅದು ದಶಕಗಳ ಕಾಲ ತನ್ನ ಆಟಗಳ ಲಾಂಛನವಾಗಿ ಇಟ್ಟುಕೊಂಡಿತ್ತು. ಮೂಲನಿವಾಸಿ ವಿದ್ಯಾರ್ಥಿಗಳು ಪ್ರತಿಭಟಿಸಿದ ಮೇಲೆ 1978ರಲ್ಲಿ ಕೈಬಿಟ್ಟಿತು. 2006ರಿಂದ ಹೋಡೆನೊಶೋನಿ ವಿದ್ಯಾರ್ಥಿಗಳಿಗೆಂದೇ ಪೂರ್ಣ ವಿದ್ಯಾರ್ಥಿವೇತನ ಕೊಡುತ್ತಿದೆ. ತಪ್ಪನ್ನು ತಿದ್ದಿಕೊಳ್ಳಬಹುದು ಎಂಬುದಕ್ಕೆ ಈ ಎರಡು ವರ್ಷಗಳನ್ನು ಒಟ್ಟಿಗೆ ಓದಿ.

1983ರ ಎನ್‌ಸಿಎಎ ಫೈನಲ್. ಎದುರಿಗೆ ಜಾನ್ಸ್ ಹಾಪ್ಕಿನ್ಸ್. ಮೂರನೇ ಕ್ವಾರ್ಟರ್‌ನಲ್ಲಿ 12–5ರಿಂದ ಹಿಂದಿದ್ದ ಸಿರಾಕ್ಯೂಸ್ 17–16ರಿಂದ ಗೆದ್ದಿತು. ಅಂದಿನಿಂದ 2004ರವರೆಗೆ, ಸತತ 22 ವರ್ಷ, ಈ ತಂಡ ಸೆಮಿಫೈನಲ್ ತಪ್ಪಿಸಿಕೊಳ್ಳಲಿಲ್ಲ. ಸಿಮನ್ಸ್ ಜೂನಿಯರ್ ಶಿಲ್ಪ ಕಲಿಸುತ್ತಿದ್ದ ಕಲಾವಿದ. ಪೂರ್ವ ಕರಾವಳಿಯ ತಂಡಗಳು ಅಳೆದು ತೂಗಿ ಚೆಂಡು ಉಳಿಸಿಕೊಂಡು ಆಡುತ್ತಿದ್ದ ಕಾಲದಲ್ಲಿ ಅವರು ಓಡಿ ಎಂದರು. ಗೋಲ್‌ಕೀಪರ್ ಚೆಂಡು ತಡೆದ ಕೂಡಲೇ ಮುಂದಕ್ಕೆ ಎಸೆದು, ಎದುರಾಳಿಯ ರಕ್ಷಕರು ಸಾಲು ಕಟ್ಟುವ ಮೊದಲೇ ಒಬ್ಬ ಆಟಗಾರ ಹೆಚ್ಚುವರಿಯಾಗಿ ನುಗ್ಗುವುದು ಅವರ ಪದ್ಧತಿ. ಒಂದು ಪಾಸ್ ಕೈತಪ್ಪಿದರೆ ಅದೇ ಹೆಚ್ಚುವರಿ ಆಟಗಾರ ತನ್ನ ಗೋಲಿನಿಂದ ಬಹು ದೂರದಲ್ಲಿ ಸಿಕ್ಕಿಬೀಳುತ್ತಾನೆ. ಹಾಗಾಗಿ ಇದು ಕೋಲಿನ ಮೇಲೆ ಪೂರ್ತಿ ಹಿಡಿತ ಇರುವವರಿಗಷ್ಟೇ ಒಗ್ಗುವ ಆಟ.

ಅಂಥ ಹಿಡಿತ ಬರುವುದು ಬಾಕ್ಸ್ ಲ್ಯಾಕ್ರೋಸ್‌ನಿಂದ. ಬೇಸಿಗೆಯಲ್ಲಿ ಖಾಲಿ ಬೀಳುವ ಐಸ್ ಹಾಕಿ ಅಂಕಣದೊಳಗೆ ಆಡುವ, ಕೆನಡಾದಲ್ಲೂ ಹೋಡೆನೊಶೋನಿ ನೆಲದಲ್ಲೂ ಮಕ್ಕಳು ಮೊದಲು ಕಲಿಯುವ ಆಟ ಅದು. ಗೋಲು ಚಿಕ್ಕದು, ಕೀಪರ್ ದಪ್ಪ ಕವಚ ತೊಟ್ಟು ಅದನ್ನು ಮುಕ್ಕಾಲು ಮುಚ್ಚಿ ನಿಂತಿರುತ್ತಾನೆ, ಸುತ್ತ ಗೋಡೆ. ಅಂಗೈಯಗಲದ ಸಂದಿಯಲ್ಲಿ ಚೆಂಡು ತೂರಿಸಿ ಬೆಳೆದವರಿಗೆ ಹೊರಾಂಗಣದ ಆರಡಿ ಗೋಲು ಹೆಬ್ಬಾಗಿಲಿನಂತೆ ಕಾಣುತ್ತದೆ. ಬ್ರಿಟಿಷ್ ಕೊಲಂಬಿಯಾದ ಬಾಕ್ಸ್‌ನಲ್ಲಿ ಪಳಗಿ ಬಂದ ಅವಳಿ ಸೋದರರು ಗ್ಯಾರಿ ಮತ್ತು ಪಾಲ್ ಗೇಟ್ ಇದನ್ನು ಸಿರಾಕ್ಯೂಸ್‌ನಲ್ಲಿ ಕಣ್ಣಿಗೆ ಕಟ್ಟುವಂತೆ ತೋರಿಸಿದರು.

1988ರ ಮೇ 28ರಂದು ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ವಿರುದ್ಧ ಸೆಮಿಫೈನಲ್. ಲ್ಯಾಕ್ರೋಸ್‌ನಲ್ಲಿ ಗೋಲಿನ ಹಿಂದೆಯೂ ಆಟ ನಡೆಯುತ್ತದೆ. ಗ್ಯಾರಿ ಗೇಟ್ ಚೆಂಡು ಹಿಡಿದು ಅಲ್ಲಿದ್ದರು. ಮಾಮೂಲಿನಂತೆ ಸುತ್ತಿ ಮುಂದೆ ಬರುತ್ತಾರೆಂದು ರಕ್ಷಕರೆಲ್ಲ ಕಾದರು. ಅವರು ನೇರ ಗೋಲಿನ ಬೆನ್ನ ಕಡೆಗೇ ಓಡಿ, ಕ್ರೀಸ್‌ನ ಹೊರಗಿನಿಂದ ಜಿಗಿದು, ಮೇಲಿನ ಅಡ್ಡಪಟ್ಟಿಯ ಆಚೆಗೆ ಕೋಲು ಚಾಚಿ, ಮೇಲಿನಿಂದ ಕೆಳಕ್ಕೆ ಚೆಂಡನ್ನು ಗೋಲಿನೊಳಗೆ ಕುಕ್ಕಿದರು. ಪಾದ ನೆಲ ಮುಟ್ಟುವ ಮೊದಲೇ ಚೆಂಡು ಒಳಗಿತ್ತು. ಕ್ರೀಸ್ ತುಳಿದ ತಪ್ಪಿಗೆ ಅವಕಾಶವೇ ಇರಲಿಲ್ಲ. ಅದೇ ಪಂದ್ಯದಲ್ಲಿ ಇದನ್ನು ಇನ್ನೊಮ್ಮೆ ಮಾಡಿದರು. ಸಿರಾಕ್ಯೂಸ್‌ಗೆ 11–10ರ ಜಯ. 'ಏರ್ ಗೇಟ್' ಎಂದು ಹೆಸರಾದ ಈ ಜಿಗಿತದ ಪರಿಣಾಮ ನಿಯಮಪುಸ್ತಕದವರೆಗೂ ಹೋಯಿತು: ಕ್ರೀಸ್ ಮೇಲೆ ಹಾರುವುದನ್ನು ಮುಂದೆ ನಿಷೇಧಿಸಿದರು, 2019ರಲ್ಲಿ ಕಟ್ಟುಪಾಡುಗಳೊಂದಿಗೆ ಮತ್ತೆ ಬಿಟ್ಟುಕೊಟ್ಟರು. ನಿಯಮ ಎಂಬುದು ಮನುಷ್ಯರು ಬರೆದದ್ದು, ಅಗತ್ಯ ಬಿದ್ದಾಗ ಅವರೇ ತಿದ್ದುತ್ತಾರೆ.

ಪ್ರಶಸ್ತಿಗಳ ಲೆಕ್ಕ ಚಿಕ್ಕದಾಗಿ ಹೇಳಿಬಿಡುತ್ತೇವೆ: 1983, 1988, 1989, 1990, 1993, 1995, 2000, 2002, 2004, 2008, 2009. ಒಟ್ಟು ಹನ್ನೊಂದು ಎನ್ನುತ್ತದೆ ವಿಶ್ವವಿದ್ಯಾಲಯ. ಎನ್‌ಸಿಎಎ ದಾಖಲೆಯಲ್ಲಿರುವುದು ಹತ್ತು. ಪಾಲ್ ಗೇಟ್ ಅವರ ಕಾರು ಸಾಲಕ್ಕೆ ಕೋಚ್‌ನ ಪತ್ನಿ ಜಾಮೀನು ಸಹಿ ಹಾಕಿದ್ದರೆಂಬ ಕಾರಣಕ್ಕೆ 1990ರ ಗೆಲುವನ್ನು ಎನ್‌ಸಿಎಎ ಅಳಿಸಿಹಾಕಿತು.

2009ರ ಫೈನಲ್ ಬಗ್ಗೆ ಮಾತ್ರ ವಿವರವಾಗಿ ಹೇಳಲೇಬೇಕು. ಎದುರಾಳಿ ಕಾರ್ನೆಲ್. ಕೊನೆಯ ನಾಲ್ಕು ನಿಮಿಷ ಬಾಕಿ ಇದ್ದಾಗ ಸಿರಾಕ್ಯೂಸ್ ಮೂರು ಗೋಲು ಹಿಂದೆ. ಗಡಿಯಾರದಲ್ಲಿ ನಾಲ್ಕೇ ಸೆಕೆಂಡು ಉಳಿದಿದ್ದಾಗ 9–9 ಸಮ. ಹೆಚ್ಚುವರಿ ಅವಧಿಯಲ್ಲಿ ಮೊದಲ ಗೋಲು ಹೊಡೆದವರೇ ಚಾಂಪಿಯನ್. ಕಾರ್ನೆಲ್ ಚೆಂಡು ಹಿಡಿದು ಬಂದಾಗ ಕೋಲಿಗೆ ಪೆಟ್ಟು ಹಾಕಿ ಚೆಂಡು ಕೆಡವಿದ ರಕ್ಷಕ ಸಿಡ್ ಸ್ಮಿತ್. ಆ ಕಡೆ ಗೋಲಿನೆದುರು ಪಾಸ್ ಹಿಡಿದು 10–9 ಮಾಡಿದವರು ಕೋಡಿ ಜೇಮಿಸನ್. ಇಬ್ಬರೂ ಕೆನಡಾದ ಒಂಟಾರಿಯೊದಲ್ಲಿರುವ ಹೋಡೆನೊಶೋನಿ ನೆಲ ಸಿಕ್ಸ್ ನೇಷನ್ಸ್‌ನವರು, ಚಿಕ್ಕಂದಿನಿಂದ ಒಟ್ಟಿಗೆ ಆಡಿದವರು. ಹತ್ತು ಜನರ ತಂಡದಲ್ಲಿ, ಕಪ್ ನಿರ್ಧರಿಸಿದ ಗೋಲಿನ ಮೊದಲ ಕೊನೆಯೂ ಕೊನೆಯ ಕೊನೆಯೂ ಹೋಡೆನೊಶೋನಿ ಕೈಗಳಲ್ಲಿತ್ತು. 2004ರ ಚಾಂಪಿಯನ್ ತಂಡದಲ್ಲಿ ಆನಂಡಾಗದ ಬ್ರೆಟ್ ಬಕ್‌ಟೂತ್ ಇದ್ದರು. ಕಾಲೇಜು ಲ್ಯಾಕ್ರೋಸ್‌ನ ಅತ್ಯುನ್ನತ ಪ್ರಶಸ್ತಿಯ ಹೆಸರೇ ಟೆವಾರಟನ್, ಆಟಕ್ಕೆ ಮೊಹಾಕ್ ಭಾಷೆಯಲ್ಲಿರುವ ಹೆಸರು.

ಈಗ ನಮ್ಮ ಕೋರಿಕೆಗೆ ಬರುತ್ತೇವೆ.

ಲಾಸ್ ಏಂಜಲೀಸ್‌ನಲ್ಲಿ ಆಡುವುದು ಹತ್ತು ಜನರ ಆಟವಲ್ಲ, 'ಸಿಕ್ಸಸ್': ಒಂದು ಕಡೆಗೆ ಆರು ಜನ, 70 ಮೀಟರ್ ಉದ್ದ 36 ಮೀಟರ್ ಅಗಲದ ಮೈದಾನ, 8 ನಿಮಿಷದ ನಾಲ್ಕು ಕ್ವಾರ್ಟರ್, ಚೆಂಡು ಸಿಕ್ಕ ಮೇಲೆ 30 ಸೆಕೆಂಡಿನೊಳಗೆ ಗೋಲಿಗೆ ಹೊಡೆಯಬೇಕು. ಇದರ ಜೀವ ಬಾಕ್ಸ್ ಆಟಕ್ಕೆ ಹತ್ತಿರ. ಒಳಾಂಗಣ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ 2003ರಿಂದ 2019ರವರೆಗಿನ ಐದೂ ಸಲ ಬೆಳ್ಳಿ ಗೆದ್ದದ್ದು ಹೋಡೆನೊಶೋನಿ. 2014, 2018, 2023ರ ಹೊರಾಂಗಣ ವಿಶ್ವಕೂಟಗಳಲ್ಲಿ ಕಂಚು. ಅವರಿಲ್ಲದೆ ಕೊಡುವ ಪದಕ ಎಷ್ಟು ಗಟ್ಟಿ ಎಂದು ಗೆದ್ದವರೇ ಕೇಳಿಕೊಳ್ಳಬೇಕಾಗುತ್ತದೆ.

ಅಮೆರಿಕಕ್ಕೋ ಕೆನಡಾಕ್ಕೋ ಆಡಲಿ ಎಂಬ ಸಲಹೆ 1904ರಲ್ಲೂ ಬಳಕೆಯಲ್ಲಿತ್ತು. ಸೇಂಟ್ ಲೂಯಿ ಒಲಿಂಪಿಕ್ಸ್‌ನಲ್ಲಿ ಮೊಹಾಕ್ ತಂಡ ಗೆದ್ದ ಕಂಚು ಇವತ್ತಿಗೂ ನಿಮ್ಮ ದಾಖಲೆಯಲ್ಲಿ ಕೆನಡಾದ ಹೆಸರಿನಲ್ಲಿದೆ. 2010ರಲ್ಲಿ ಹೋಡೆನೊಶೋನಿಯ ಸ್ವಂತ ಪಾಸ್‌ಪೋರ್ಟನ್ನು ಬ್ರಿಟನ್ ಒಪ್ಪದಿದ್ದಾಗ, ಬೇರೆ ದೇಶದ ಪಾಸ್‌ಪೋರ್ಟ್ ಹಿಡಿದು ಹೋಗುವುದಕ್ಕಿಂತ ಮ್ಯಾಂಚೆಸ್ಟರ್‌ನ ವಿಶ್ವ ಚಾಂಪಿಯನ್‌ಶಿಪ್ ಬಿಡುವುದೇ ಸರಿ ಎಂದು ಇಡೀ ತಂಡ ಹಿಂದೆ ಸರಿಯಿತು. ಅಂಥವರು ಲಾಸ್ ಏಂಜಲೀಸ್‌ಗಾಗಿ ಬೇರೆ ಜೆರ್ಸಿ ತೊಡುತ್ತಾರೆಂದು ನಿರೀಕ್ಷಿಸುವುದು ಅವರನ್ನು ಅರಿಯದ ಮಾತು.

ಸ್ವತಂತ್ರ ದೇಶವಲ್ಲ ಎಂಬ ತಕರಾರಿಗೆ ನಮ್ಮ ದೇಶವೇ ಉತ್ತರ. 1928ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಭಾರತ ಹಾಕಿಯ ಚಿನ್ನ ಗೆದ್ದಾಗ ನಾವು ಸ್ವತಂತ್ರರಾಗಿರಲಿಲ್ಲ. ಸ್ವಾತಂತ್ರ್ಯಕ್ಕೆ ಇನ್ನೂ 19 ವರ್ಷ ಇತ್ತು. ಅದೇ ಕೂಟದಲ್ಲಿ ಲ್ಯಾಕ್ರೋಸ್ ಪ್ರದರ್ಶನದ ಆಟವಾಗಿತ್ತು. 2014ರ ಸೋಚಿ ಚಳಿಗಾಲದ ಕೂಟದ ಆರಂಭದಲ್ಲಿ ಭಾರತೀಯ ಒಲಿಂಪಿಕ್ ಸಂಸ್ಥೆ ಅಮಾನತಿನಲ್ಲಿದ್ದಾಗ ನಮ್ಮ ಶಿವ ಕೇಶವನ್ ಲೂಜ್ ಸ್ಪರ್ಧೆಗೆ ಇಳಿದದ್ದು ನಿಮ್ಮ ಐದು ಉಂಗುರದ ಬಾವುಟದಡಿ. 2016ರಿಂದ ನಿರಾಶ್ರಿತರ ತಂಡಕ್ಕೆ ಜಾಗ ಮಾಡಿಕೊಟ್ಟಿದ್ದೀರಿ. ಪೋರ್ಟೊರಿಕೊ, ಹಾಂಗ್‌ಕಾಂಗ್ ಸ್ವತಂತ್ರ ದೇಶಗಳಲ್ಲದಿದ್ದರೂ ಮೆರವಣಿಗೆಯಲ್ಲಿ ತಮ್ಮ ಹೆಸರಿನಲ್ಲೇ ನಡೆಯುತ್ತವೆ. ಕ್ರಿಕೆಟ್‌ನಲ್ಲಿ ವೆಸ್ಟ್ ಇಂಡೀಸ್‌ಗೂ ಒಂದೇ ದೇಶವಲ್ಲವೆಂಬ ತೊಡಕಿದೆ ನಿಜ. ಅಲ್ಲಿನ ದ್ವೀಪಗಳಿಗೆ ತಮ್ಮತಮ್ಮ ಒಲಿಂಪಿಕ್ ಸಮಿತಿಗಳಾದರೂ ಇವೆ. ಹೋಡೆನೊಶೋನಿಗೆ ಆ ಕಿಟಕಿಯೂ ಇಲ್ಲ.

ಪೂರ್ಣ ಪ್ರಮಾಣದ ಒಲಿಂಪಿಕ್ ಸಮಿತಿ ಕಟ್ಟಲು ಐದಾದರೂ ಆಟಗಳ ಸಂಘಗಳು ಬೇಕೆಂಬುದು ನಿಮ್ಮ ನಿಯಮ. ಅದನ್ನು ಮುರಿಯಿರಿ ಎಂದು ನಾವು ಕೇಳುತ್ತಿಲ್ಲ. ಈ ಒಂದು ಆಟಕ್ಕೆ, ಈ ಒಂದು ಜನಕ್ಕೆ, ನಿಮ್ಮ ಕಾರ್ಯಕಾರಿ ಮಂಡಳಿ ವಿಶೇಷ ಆಹ್ವಾನ ಕೊಡಲಿ. ಅರ್ಹತೆಯನ್ನು ಪುಕ್ಕಟೆ ಕೊಡುವುದೂ ಬೇಡ: ವಿಶ್ವ ಲ್ಯಾಕ್ರೋಸ್ ಸಂಸ್ಥೆ ಅವರನ್ನು ಪೂರ್ಣ ಸದಸ್ಯರೆಂದು ದಶಕಗಳಿಂದ ಒಪ್ಪಿದೆ, ಅರ್ಹತಾ ಪಂದ್ಯಗಳಲ್ಲಿ ಅವರು ಗೆದ್ದು ಬಂದರೆ ಆ ಸ್ಥಾನವನ್ನು ಕೆಳಗಿನ ತಂಡಕ್ಕೆ ದಾಟಿಸದೆ ಅವರಿಗೇ ಕೊಡಿ. ಬೇಕಿರುವುದು ಗಂಡಸರಿಗೆ 12, ಹೆಂಗಸರಿಗೆ 12 ಆಟಗಾರರ ಜಾಗ. 2022ರಲ್ಲಿ ಅಮೆರಿಕದ ಬರ್ಮಿಂಗ್‌ಹ್ಯಾಮ್‌ನಲ್ಲಿ ನಡೆದ ವಿಶ್ವ ಕ್ರೀಡಾಕೂಟದಲ್ಲಿ ಇದೇ ತಕರಾರು ಎದ್ದಾಗ, ಅರ್ಹತೆ ಪಡೆದಿದ್ದ ಐರ್ಲೆಂಡ್ ತಾನೇ ಹಿಂದೆ ಸರಿದು ಅವರಿಗೆ ಜಾಗ ಬಿಟ್ಟಿತು. ಒಂದು ಪುಟ್ಟ ದೇಶದ ಆಟಗಾರರು ತಮ್ಮ ಅವಕಾಶವನ್ನೇ ಕೊಟ್ಟು ಸರಿಪಡಿಸಿದ ಸಂಗತಿಯನ್ನು ನೀವು ಒಂದು ನಿರ್ಣಯದಿಂದ ಸರಿಪಡಿಸಬಲ್ಲಿರಿ.

ತೀರ್ಮಾನಕ್ಕೆ ಮುನ್ನ ನಿಮ್ಮ ಪ್ರತಿನಿಧಿಗಳು ಸಿರಾಕ್ಯೂಸ್‌ಗೊಮ್ಮೆ ಹೋಗಿಬರಲಿ ಎಂದೂ ಕೋರುತ್ತೇವೆ. ಬೆಳಿಗ್ಗೆ ವಿಶ್ವವಿದ್ಯಾಲಯದಲ್ಲಿ 1957ರ ತಂಡದ ಚಿತ್ರ ನೋಡಿ. ಮಧ್ಯಾಹ್ನ ದಕ್ಷಿಣಕ್ಕೆ ಹೋಗಿ ಆನಂಡಾಗದ ಹಿರಿಯರ ಜೊತೆ ಕುಳಿತುಕೊಳ್ಳಿ. ಗಂಡು ಮಗು ಹುಟ್ಟಿದಾಗ ತೊಟ್ಟಿಲಲ್ಲಿ ಪುಟ್ಟ ಕೋಲು ಇಡುವ, ಸತ್ತವನ ಜೊತೆ ಕೋಲನ್ನೂ ಕಳಿಸಿಕೊಡುವ ಮನೆಗಳು ಅಲ್ಲಿವೆ. ಅವರನ್ನು ಯಾವ ಹೆಸರಿನಲ್ಲಿ ಕರೆಯಬೇಕೆಂದು ಅವರನ್ನೇ ಕೇಳಿ.

ನಿಮ್ಮ ಉತ್ತರಕ್ಕೆ ಕಾಯುತ್ತಿರುವ,
ಲ್ಯಾಕ್ರೋಸ್ ಬಲ್ಲ ಕೆಲವು ಕನ್ನಡಿಗರು